ಸೂರಿಲ್ಲದ ಇಗರ್ಜಿಯ ಊರು

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ ಮೊದಲು ಪರಿಚಯವಾಗುವುದು ಅಂಗಾಲಿಗೆ. ನದಿ, ಕೆಂಪು ಹಂಚಿನ ಮಾಡುಗಳು, ಹಳದಿ ಟ್ರ್ಯಾಮು, ಅವೆಲ್ಲ ಆಮೇಲೆ. ಮುಷ್ಟಿಯಲ್ಲಿ ಹಿಡಿಸುವಷ್ಟು ಸಣ್ಣ ಸುಣ್ಣಕಲ್ಲಿನ ತುಂಡುಗಳನ್ನು ಸುತ್ತಿಗೆಯಲ್ಲಿ ಒಡೆದು, ಅಂಚು ತಿದ್ದಿ, ಮರಳಿನ ಹಾಸಿನ ಮೇಲೆ ಒಂದೊಂದಾಗಿ ಕೂರಿಸಿದ ಕಾಲುದಾರಿಗಳು ಇಲ್ಲಿಯವು. ಬಿಳಿ ಕಲ್ಲಿನ ನಡುವೆ ಕಪ್ಪು ಕಲ್ಲಿನ ಬಳ್ಳಿ, ಹಡಗು, ನಕ್ಷತ್ರ. ಕಲ್ಸಾದಾ ಎನ್ನುತ್ತಾರೆ. ಈ ಬಗೆಯ ಚಿತ್ತಾರದ ನೆಲವನ್ನು 1842ರಲ್ಲಿ ಗುಡ್ಡದ ಮೇಲಿನ ಸಾವ್ ಜೋರ್ಜ್ ಕೋಟೆಯಲ್ಲಿ ಮೊದಲು ಹಾಕಿದವರು ಕಾಲಿಗೆ ಸರಪಳಿ ಬಿಗಿದ ಕೈದಿಗಳು. ಕೆಲವೇ ವರ್ಷಗಳಲ್ಲಿ ಅದು ಗುಡ್ಡ ಇಳಿದು ಬಂದು ರೋಸಿಯು ಚೌಕದ ತುಂಬ ಕಪ್ಪು-ಬಿಳಿ ಅಲೆಗಳಾಗಿ ಹರಡಿತು. ಕಲ್ಲು ಕೂರಿಸುವ ಕಸುಬು ಸತ್ತುಹೋಗದಿರಲೆಂದು ನಗರಸಭೆ 1986ರಲ್ಲಿ ಒಂದು ಶಾಲೆಯನ್ನೇ ತೆರೆಯಿತು. ಅಲ್ಫಾಮಾದ ಓಣಿಯೊಂದರಲ್ಲಿ ಮೊಣಕಾಲೂರಿ ಕುಳಿತು ಕಲ್ಲು ತಟ್ಟುತ್ತಿದ್ದ ಇಬ್ಬರನ್ನು ನಾನು ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಕೈಯಲ್ಲಿದ್ದ ಕಲ್ಲನ್ನು ಒಮ್ಮೆ ತಿರುಗಿಸಿ ನೋಡಿದರೆ ಅದರ ಜಾಗ ಯಾವುದೆಂದು ಅವರಿಗೆ ಗೊತ್ತಾಗುತ್ತಿತ್ತು.

ಅಲ್ಲಿಗೆ ನಾನು ಹೋದದ್ದು ನವೆಂಬರಿನಲ್ಲಿ, ಕೆಲಸದ ನಿಮಿತ್ತ. ಮಳೆ ಬಿದ್ದರೆ ಆ ನುಣುಪು ಸುಣ್ಣಕಲ್ಲು ಜಾರುತ್ತದೆ. ಪಾಚಿ ಕಟ್ಟಿದ ಅಂಗಳದಲ್ಲಿ ಆಟಿ ತಿಂಗಳಿನಲ್ಲಿ ನಾವು ಕರಾವಳಿಯವರು ಹೆಬ್ಬೆರಳು ಊರಿಕೊಂಡು ನಡೆಯುತ್ತೇವಲ್ಲ, ಹಾಗೇ ನಡೆಯಬೇಕು. ಅದಕ್ಕೆ ಸರಿಯಾಗಿ ಊರೆಲ್ಲ ಏರು, ಇಳಿವು, ಮೆಟ್ಟಿಲು. ಹೀಗಾಗಿ ಲಿಸ್ಬನ್ನಿನಲ್ಲಿ ಯಾರೂ ಬೇಗ ನಡೆಯಲಾರರು. ಬೇಗ ನಡೆಯಲಾರದವನು ಗೋಡೆ ನೋಡುತ್ತಾನೆ, ಒಣಗಲು ಹಾಕಿದ ಬಟ್ಟೆ ನೋಡುತ್ತಾನೆ, ನೀಲಿ ಹೆಂಚು ಕಿತ್ತುಹೋದ ಜಾಗದಲ್ಲಿ ಕಾಣುವ ಹಳೆ ಗಾರೆಯನ್ನು ನೋಡುತ್ತಾನೆ. ಬೀದಿ ತಿರುವುಗಳಲ್ಲಿ ಕಲ್ಲುಪ್ಪು ಹಾಕಿ ಚೆಸ್ಟ್‌ನಟ್ ಸುಡುವ ಗಾಡಿಗಳ ಹೊಗೆ ಬೆಳ್ಳಗೆ ತೇಲುತ್ತಿತ್ತು. ಆ ಹೊಗೆಯ ಆಚೆ, ಎರಡು ಮನೆಗಳ ನಡುವಿನ ಸಂದಿಯಲ್ಲಿ, ಸಮುದ್ರ ಸೇರುವ ಮುನ್ನ ಕಡಲಿನಷ್ಟೇ ಅಗಲವಾಗಿಬಿಡುವ ತೇಜೋ ನದಿ.

ಇಷ್ಟಪಡುವ ಮನಸ್ಸು ಮಾಡಿಕೊಂಡು ನಾನು ಹೋಗಿರಲಿಲ್ಲ. ನಮ್ಮ ಮನೆ ಹೊನ್ನಾವರದ ಕಡೆ, ಶರಾವತಿ ಕಡಲು ಸೇರುವಲ್ಲಿ. ನಮ್ಮ ಬಾಲ್ಯದ ಕತೆಗಳಲ್ಲಿ ಪೋರ್ಚುಗೀಸರೆಂದರೆ ಪರಂಗಿಯವರು, ಕಡಲಿನಿಂದ ಬಂದು ಊರಿಗೆ ಬೆಂಕಿ ಇಟ್ಟವರು. ಉಳ್ಳಾಲದ ಅಬ್ಬಕ್ಕ ಅವರೊಡನೆ ಹೋರಾಡಿದವಳು. ಗೇರುಸೊಪ್ಪೆಯ ಚೆನ್ನಭೈರಾದೇವಿ ಅವರಿಗೆ ಕರಿಮೆಣಸು ಮಾರಿದವಳೂ ಹೌದು, ಅವರನ್ನು ತಡೆದವಳೂ ಹೌದು. 1568-69ರ ಸುಮಾರಿಗೆ ಮಂಗಳೂರು, ಬಸರೂರು, ಹೊನ್ನಾವರಗಳಲ್ಲಿ ಅವರ ಕೋಟೆಗಳೆದ್ದವು. ಗೋವೆಯ ಸೈನಿಕರಿಗೆ ಅಕ್ಕಿ, ಲಿಸ್ಬನ್ನಿನ ಹಡಗುಗಳಿಗೆ ಮೆಣಸು ಈ ದಂಡೆಯಿಂದ ಹೋಗುತ್ತಿತ್ತು. ನನ್ನ ಕೊಂಕಣಿ ಗೆಳೆಯರ ಮನೆಗಳಲ್ಲಿ ಇನ್ನೊಂದು ಕತೆಯಿತ್ತು: 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಷನ್, ಅಂದರೆ ಮತದ ದಾರಿ ತಪ್ಪಿದರೆಂದು ಕಂಡವರನ್ನು ವಿಚಾರಿಸಿ ಶಿಕ್ಷಿಸುವ ಕ್ರೈಸ್ತ ನ್ಯಾಯಮಂಡಳಿ, ಶುರುವಾಯಿತು, ದೇವರನ್ನು ಬುಟ್ಟಿಯಲ್ಲಿಟ್ಟುಕೊಂಡು ತೆಂಕಣಕ್ಕೆ ಬಂದೆವು ಎನ್ನುವ ಕತೆ. ಅವೆಲ್ಲದರ ಮೂಲ ಊರು ಇದು. ಇಂಥ ಊರಿನ ಮೇಲೆ ಪ್ರೀತಿ ಹುಟ್ಟಿದರೆ ಅದಕ್ಕೆ ಕಾರಣ ಏನೆಂದು ತಿಳಿದುಕೊಳ್ಳುವುದು ನನ್ನ ಮಟ್ಟಿಗೆ ಅಗತ್ಯವಾಗಿತ್ತು. ಈ ಬರಹ ಅದಕ್ಕಾಗಿಯೇ.

ಕಾರಣ ಸಿಕ್ಕಿದ್ದು ಕಾರ್ಮೋದಲ್ಲಿ.

ಕಾರ್ಮೋ ಒಂದು ಇಗರ್ಜಿ, ಅಂದರೆ ಚರ್ಚು. 1389ರಲ್ಲಿ ಸೇನಾನಿ ನೂನು ಆಲ್ವರೆಸ್ ಪೆರೇರ ಕಟ್ಟಿಸತೊಡಗಿದ ಗಾಥಿಕ್ ಕಟ್ಟಡ. ಒಂದು ಕಾಲಕ್ಕೆ ಈ ನಗರದ ಬಹುದೊಡ್ಡ ಇಗರ್ಜಿಗಳಲ್ಲೊಂದು. ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಮೇಲೆ ಆಕಾಶ. ಕಂಬಗಳಿವೆ, ಕಂಬದಿಂದ ಕಂಬಕ್ಕೆ ಹಾರುವ ಕಲ್ಲಿನ ಕಮಾನುಗಳಿವೆ, ಅವು ಹೊತ್ತಿದ್ದ ಮಾಡು ಇಲ್ಲ. ಅದು ಇಲ್ಲವಾಗಿ ಎರಡೂವರೆ ಶತಮಾನಕ್ಕೂ ಹೆಚ್ಚಾಯಿತು. ನಾನು ಹೋದಾಗ ಮಳೆ ಆಗಷ್ಟೇ ನಿಂತಿತ್ತು. ಕಮಾನುಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಜನ ಪೂಜೆಗೆ ಕೂರುತ್ತಿದ್ದ ಜಾಗದಲ್ಲಿ ಹುಲ್ಲು ಹಸಿರಾಗಿತ್ತು.

1755ರ ನವೆಂಬರ್ 1, ಶನಿವಾರ, ಸಕಲ ಸಂತರ ಹಬ್ಬ. ಬೆಳಿಗ್ಗೆ ಒಂಬತ್ತೂವರೆ ದಾಟಿತ್ತು. ಊರಿನ ಇಗರ್ಜಿಗಳೆಲ್ಲ ಭರ್ತಿ, ಎಲ್ಲ ಪೀಠಗಳ ಮೇಲೂ ಮೇಣದ ಬತ್ತಿ. ಭೂಮಿ ನಡುಗಿತು, ನಿಂತಿತು, ಮತ್ತೆ ನಡುಗಿತು. ಕಲ್ಲಿನ ಮಾಡುಗಳು ಪ್ರಾರ್ಥನೆಯಲ್ಲಿದ್ದವರ ಮೇಲೆಯೇ ಬಿದ್ದವು. ಬದುಕಿದವರು ಬಯಲು ಹುಡುಕಿಕೊಂಡು ನದಿಯ ದಂಡೆಗೆ ಓಡಿದರು. ಅಲ್ಲಿಗೆ ಸ್ವಲ್ಪ ಹೊತ್ತಿನಲ್ಲೇ ಸಮುದ್ರ ಸುನಾಮಿಯಾಗಿ ಬಂತು. ಬಿದ್ದ ಮೇಣದ ಬತ್ತಿ, ಒಲೆಗಳಿಂದ ಹತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಅದೇ ವರ್ಷ ವಸಂತದಲ್ಲಿ ತೆರೆದಿದ್ದ ರಾಜನ ಹೊಸ ಆಪೆರಾ ಮಂದಿರ ಹೋಯಿತು, ಅರಮನೆ ಹೋಯಿತು, ಅದರ ಗ್ರಂಥಾಲಯ ಹೋಯಿತು. ಅರಮನೆಗೆ ತಾಗಿಕೊಂಡೇ ಇದ್ದ, ಪೂರ್ವ ದೇಶಗಳ ವ್ಯಾಪಾರವನ್ನೆಲ್ಲ ನಡೆಸುತ್ತಿದ್ದ ಕಾಸಾ ದ ಇಂದಿಯಾ, ಅದರ ಲೆಕ್ಕಪತ್ರಗಳ ಸಮೇತ ಹೋಯಿತು. ನಮ್ಮ ಕಡೆಯಿಂದ ಎಷ್ಟು ಮೆಣಸು ಹೋಯಿತು, ಯಾವ ಬೆಲೆಗೆ ಹೋಯಿತು ಎನ್ನುವ ಕಡತಗಳೂ ಅದರೊಳಗಿದ್ದವಲ್ಲ ಎಂದು ಕಾರ್ಮೋದ ಹುಲ್ಲಿನ ಮೇಲೆ ನಿಂತಾಗ ನನಗೆ ಹೊಳೆಯಿತು. ಸತ್ತವರ ಸಂಖ್ಯೆಯ ಬಗ್ಗೆ ಅಂದಾಜುಗಳು ಬಹಳ ದೂರ ದೂರ ಇವೆ. ಹತ್ತಾರು ಸಾವಿರ ಎನ್ನುವುದರಲ್ಲಿ ತಕರಾರಿಲ್ಲ. ಅಂದು ಊರಿನ ಪಶ್ಚಿಮ ಅಂಚಿನ ಬೆಲೆಮ್‌ನಲ್ಲಿದ್ದು ಉಳಿದುಕೊಂಡ ರಾಜ ಜೊಸೆ ಆಮೇಲೆ ಸಾಯುವ ತನಕ ಕಲ್ಲಿನ ಮಾಡಿನ ಕೆಳಗೆ ವಾಸಿಸಲಿಲ್ಲ. ಅಜುದಾ ಗುಡ್ಡದ ಮೇಲೆ ಮರದ ಅರಮನೆ ಕಟ್ಟಿಸಿಕೊಂಡು ಅಲ್ಲೇ ಇದ್ದ.

ಕಾರ್ಮೋವನ್ನು ಮತ್ತೆ ಕಟ್ಟುವ ಕೆಲಸ ಶುರುವಾಗಿತ್ತು. ಇಗರ್ಜಿಯೊಳಗೆ ಈಗ ಕಾಣುವ ಕಮಾನುಗಳಲ್ಲಿ ಕೆಲವು ಭೂಕಂಪದ ನಂತರದವೇ. 1834ರಲ್ಲಿ ಪೋರ್ಚುಗಲ್ ಮಠಗಳನ್ನೆಲ್ಲ ಮುಚ್ಚಿದಾಗ ಆ ಕೆಲಸ ನಿಂತುಹೋಯಿತು. ಆಮೇಲೆ ಜನಕ್ಕೆ ಆ ಅವಶೇಷವೇ ಹಿಡಿಸಿತು, ಹಾಗೇ ಬಿಟ್ಟರು. 1864ರಿಂದ ಅದು ಪುರಾತತ್ವ ಸಂಗ್ರಹಾಲಯ. ಅರ್ಧ ಅನಿವಾರ್ಯ, ಅರ್ಧ ಅಭಿರುಚಿ. ಹೇಗಾದರೂ ಆಗಲಿ, ಊರಿನ ನಡುಮಧ್ಯೆ, ಚಿನ್ನದ ಬೆಲೆಯ ನೆಲದಲ್ಲಿ, ತನ್ನ ಅತಿ ದೊಡ್ಡ ಗಾಯವನ್ನು ಮುಚ್ಚದೆ ಇಟ್ಟುಕೊಂಡಿರುವ ಊರು ಇದು. ಅಲ್ಲಿಂದ ಮುಂದೆ ನಾನು ಲಿಸ್ಬನ್ನನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಎಲ್ಲಿ ಮುಚ್ಚದೆ ಬಿಟ್ಟಿದ್ದಾರೆ, ಎಲ್ಲಿ ಗಾರೆ ಬಳಿದಿದ್ದಾರೆ ಎಂದು ಹುಡುಕುವುದೇ ನನ್ನ ಅಲೆದಾಟವಾಯಿತು.

ಕಾರ್ಮೋದಿಂದ ಇಳಿದರೆ ಬಾಯ್ಶಾ. ಬಲಿಷ್ಠ ಮಂತ್ರಿಯಾಗಿದ್ದ, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಆದ ಸೆಬಾಸ್ಟಿಯಾವ್ ಜೊಸೆಯ ಆಡಳಿತದಲ್ಲಿ ಮತ್ತೆ ಎದ್ದ ನೇರ ಬೀದಿಗಳು: ಚಿನ್ನದವರ ಬೀದಿ, ಬೆಳ್ಳಿಯವರ ಬೀದಿ, ಚಮ್ಮಾರರ ಬೀದಿ. ಪ್ರವಾಸಿಗರು ಇಲ್ಲಿ ಊಟದ ಫಲಕ ಓದುತ್ತ ಮುಂದೆ ಹೋಗುತ್ತಾರೆ. ನಾನು ಗೋಡೆಗಳ ಬಳಿ ನಿಂತೆ, ಯಾಕೆಂದರೆ ಈ ಕಟ್ಟಡಗಳ ಒಳಗೆ ಕಾಣದ ಒಂದು ಮರದ ಪಂಜರವಿದೆ. ಅಡ್ಡ, ಉದ್ದ, ಓರೆ ತೊಲೆಗಳನ್ನು ಕತ್ತರಿಯಾಕಾರದಲ್ಲಿ ಹೆಣೆದು, ಸಂದಿಗಳಿಗೆ ಕಲ್ಲು-ಗಾರೆ ತುಂಬಿದ ಚೌಕಟ್ಟು. ನೆಲ ನಡುಗಿದರೆ ಮರ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಗಾರೆ ಉದುರಿದರೂ ಮನೆ ನಿಲ್ಲುತ್ತದೆ. ಅದರ ಮಾದರಿ ಕಟ್ಟಿ, ಸುತ್ತ ಸೈನಿಕರಿಂದ ಹೆಜ್ಜೆ ಹಾಕಿಸಿ ನಡುಕ ಹುಟ್ಟಿಸಿ ಪರೀಕ್ಷಿಸಿದರೆಂದು ಹೇಳುತ್ತಾರೆ. ಒಂದು ಮನೆಯ ಬೆಂಕಿ ಪಕ್ಕದ್ದಕ್ಕೆ ದಾಟದಂತೆ ನಡುಗೋಡೆಗಳನ್ನು ಮಾಡಿಗಿಂತ ಎತ್ತರ ಏರಿಸಿದ್ದಾರೆ. ಅದನ್ನು ಗುಡ್ಡದ ಮೇಲಿಂದ ಇಂದಿಗೂ ಕಾಣಬಹುದು. ಇದೇ ಆಡಳಿತ ಪ್ರತಿ ಊರಿನ ಪಾದ್ರಿಗೂ ಪ್ರಶ್ನೆಪಟ್ಟಿ ಕಳಿಸಿತು. ಎಷ್ಟು ಹೊತ್ತು ನಡುಗಿತು? ಕಡಲು ಮೊದಲು ಇಳಿಯಿತೋ, ಏರಿತೋ? ಎಷ್ಟು ಮನೆ ಬಿದ್ದವು, ಎಷ್ಟು ಜನ ಸತ್ತರು? ದೇವರ ಕೋಪ ಎಂದು ಪೀಠಗಳಿಂದ ಕೂಗಿ ಹೇಳುತ್ತಿದ್ದ ಕಾಲದಲ್ಲಿ ಸರಕಾರವೊಂದು ಇಂಥ ಪ್ರಶ್ನೆ ಕೇಳಿತೆಂಬುದು ನನ್ನ ಮೈ ನವಿರೇಳಿಸುತ್ತದೆ.

ಪೊಂಬಾಲ್‌ನ ಹೆಸರು ಎಲ್ಲೆಡೆ ಇದೆ. ದೊಡ್ಡ ವೃತ್ತದಲ್ಲಿ ಸಿಂಹದ ಜೊತೆ ಅವನ ಪ್ರತಿಮೆ. ನನಗೆ ಆಪ್ತನಾದದ್ದು ಇನ್ನೊಬ್ಬ, ಮಾನುಯೆಲ್ ದ ಮಾಯಾ. ರಾಜ್ಯದ ಮುಖ್ಯ ಎಂಜಿನಿಯರ್. ಭೂಕಂಪವಾದಾಗ ಅವನಿಗೆ ವಯಸ್ಸು ಎಪ್ಪತ್ತೈದು ದಾಟಿತ್ತು. ನಗರವನ್ನು ಇದ್ದ ಹಾಗೇ ಕಟ್ಟುವುದೇ, ಬೀದಿ ಅಗಲಿಸಿ ಕಟ್ಟುವುದೇ, ಎಲ್ಲ ಸಮತಟ್ಟು ಮಾಡಿ ಹೊಸದಾಗಿ ಎಳೆಯುವುದೇ, ಬಿಟ್ಟು ಬೆಲೆಮ್‌ಗೆ ಹೋಗುವುದೇ ಎಂದು ದಾರಿಗಳನ್ನೆಲ್ಲ ಶಾಂತವಾಗಿ ಬಿಡಿಸಿ ಬರೆದುಕೊಟ್ಟವನು ಅವನು. ಅವನಿಗೆ ಇನ್ನೊಂದು ಹುದ್ದೆಯೂ ಇತ್ತು: ದೇಶದ ದಫ್ತರಖಾನೆಯ ಪಾಲಕ. ಕೋಟೆಯ ಗೋಪುರದಲ್ಲಿದ್ದ ಆ ದಫ್ತರ, ತೋರ್ರೆ ದೊ ತೊಂಬೊ, ಗೋಪುರದೊಂದಿಗೇ ಕುಸಿದಿತ್ತು. ಮುದುಕ ಕಲ್ಲುರಾಶಿಯ ಅಡಿಯಿಂದ ಕಾಗದಗಳನ್ನು ತೆಗೆಸಿ, ಕೋಟೆಯ ಬಯಲಿನಲ್ಲಿ ಮರದ ಗುಡಿಸಲು ಹಾಕಿಸಿ, ಅದರಲ್ಲಿ ಜೋಡಿಸಿದ. ಮುಂದಿನ ಲಿಸ್ಬನ್ನಿನ ನಕ್ಷೆಯನ್ನೂ ಹಿಂದಿನ ಲಿಸ್ಬನ್ನಿನ ಕಡತವನ್ನೂ ಒಂದೇ ಜೊತೆ ಕೈಗಳು ಎತ್ತಿ ಹಿಡಿದವು.

ರೋಸಿಯು ಚೌಕದ ಪಕ್ಕದಲ್ಲಿ ಸಾವ್ ದೊಮಿಂಗೋಸ್ ಇಗರ್ಜಿ ಇದೆ. ಇದನ್ನು ನೋಡದೆ ಲಿಸ್ಬನ್ನಿನಿಂದ ಬರಬಾರದು ಎನ್ನುವೆ. ಭೂಕಂಪದಲ್ಲಿ ಬಿದ್ದು, ಮತ್ತೆ ಎದ್ದು, 1959ರಲ್ಲಿ ಬೆಂಕಿಗೆ ತುತ್ತಾಯಿತು. 1994ರಲ್ಲಿ ಮತ್ತೆ ಬಾಗಿಲು ತೆರೆದಾಗ ಮಾಡು ಹೊಸದು, ಕಂಬಗಳು ಹಳೆಯವು: ಬೆಂಕಿಯಲ್ಲಿ ಸಿಡಿದು, ಹೊಪ್ಪಳೆ ಎದ್ದು, ಒಳಗಿನ ಕೆಂಪು ಬಿಟ್ಟುಕೊಂಡ ಕಂಬಗಳು. ಯಾರೂ ಅವಕ್ಕೆ ಗಿಲಾವು ಬಳಿಯಲಿಲ್ಲ. ಸಂಜೆಯ ಪೂಜೆಗೆ ಬಂದ ಅಜ್ಜಿಯರು ಆ ಸುಟ್ಟ ಕಂಬಗಳ ನಡುವೆ ಕುಳಿತು ಜಪಸರ ಎಣಿಸುತ್ತಿದ್ದರು.

1506ರ ಏಪ್ರಿಲ್‌ನಲ್ಲಿ ಈ ಇಗರ್ಜಿಯ ಮಠದಿಂದಲೇ ಎದ್ದ ಗುಂಪು, ಒಂಬತ್ತು ವರ್ಷ ಹಿಂದೆ ಬಲವಂತವಾಗಿ ಮತಾಂತರಗೊಂಡಿದ್ದ ಯೆಹೂದಿಗಳನ್ನು ಬೀದಿಗಳಲ್ಲಿ ಹುಡುಕಿ ಕೊಂದಿತು. ಸತ್ತವರು ಎರಡು ಸಾವಿರವೆಂದೂ ಅದಕ್ಕಿಂತ ಹೆಚ್ಚೆಂದೂ ಹೇಳುತ್ತಾರೆ. 2008ರಲ್ಲಿ ಇಗರ್ಜಿಯ ಎದುರು ಅವರ ನೆನಪಿಗೆ ಒಂದು ಕಲ್ಲು ನೆಟ್ಟರು. ಐನೂರು ವರ್ಷ ಬೇಕಾಯಿತು. ಅಲ್ಲಿಂದ ನಾಲ್ಕು ಹೆಜ್ಜೆಗೆ ರಾಷ್ಟ್ರೀಯ ರಂಗಮಂದಿರ. ಅದು ನಿಂತಿರುವ ಜಾಗದಲ್ಲೇ ಹಿಂದೆ ಇನ್‌ಕ್ವಿಸಿಷನ್ನಿನ ಅರಮನೆ ಇತ್ತು. ಗೋವೆಯಲ್ಲಿ ತುಳಸಿಕಟ್ಟೆಯ ಮೇಲೆ ಕಣ್ಣಿಟ್ಟವರಿಗೆ ಲಿಸ್ಬನ್ನಿನ ಮೇಲಧಿಕಾರಿಗಳು ಇದ್ದದ್ದು ಇಲ್ಲೇ. ನನ್ನ ಗೆಳೆಯರ ಮನೆಗಳ ಆ ಬುಟ್ಟಿಯ ಕತೆ ಇಲ್ಲಿಂದ ಹೊರಟದ್ದು. ಈಗ ಆ ಚೌಕದಲ್ಲಿ ದಿನವಿಡೀ ಗಿನಿ-ಬಿಸಾವ್‌ನಿಂದ ಬಂದವರು ಗುಂಪಾಗಿ ನಿಂತು ಹರಟುತ್ತಾರೆ, ಹೆಂಗಸರು ನೆಲದ ಮೇಲೆ ಬಟ್ಟೆ ಹಾಸಿ ಕೋಲಾ ಕಾಯಿ ಮಾರುತ್ತಾರೆ. ಹಿಂದೆ ಬೆದರಿ ಓಡಬೇಕಾಗಿದ್ದ ಜಾಗದಲ್ಲಿ ಪರದೇಶಿಗಳು ನಿಶ್ಚಿಂತೆಯಿಂದ ನಿಂತು ನಗುವುದನ್ನು ನೋಡಿ ನನ್ನ ಎದೆ ತುಂಬಿ ಬಂತು.

ಕಾರ್ಮೋದ ಬಾಗಿಲ ಮುಂದಿನ ಚೌಕಕ್ಕೆ ಇನ್ನೊಂದು ದಿನ ಇದೆ: 1974ರ ಏಪ್ರಿಲ್ 25. ನಲವತ್ತೆಂಟು ವರ್ಷದ ಸರ್ವಾಧಿಕಾರದ ಕೊನೆಯ ಪ್ರಧಾನಿ ಮಾರ್ಸೆಲೊ ಕಯೆತಾನೊ ಅಂದು ಇಗರ್ಜಿಯ ಪಕ್ಕದ ಗಾರ್ಡ್‌ಗಳ ಠಾಣೆಯಲ್ಲಿ ಅಡಗಿದ್ದ. ದಂಗೆ ಎದ್ದ ಸೈನ್ಯದ ಕ್ಯಾಪ್ಟನ್ ಸಲ್ಗೇರು ಮಾಯಾನ ಕವಚವಾಹನಗಳು ಸುತ್ತುವರಿದವು. ಮನೆಯೊಳಗೇ ಇರಿ ಎಂದು ರೇಡಿಯೊ ಕೂಗಿದರೂ ಜನ ಬಂದು ಮರಗಳನ್ನೇರಿ ಕುಳಿತರು. ಸೆಲೆಸ್ತೆ ಕಾಯೇರು ಎಂಬಾಕೆ ಕೆಲಸ ಮಾಡುತ್ತಿದ್ದ ಉಪಾಹಾರ ಗೃಹಕ್ಕೆ ಅಂದು ಒಂದು ವರ್ಷ. ಗಿರಾಕಿಗಳಿಗೆ ಕೊಡಲು ತರಿಸಿದ್ದ ಕಾರ್ನೇಷನ್ ಹೂಗಳನ್ನು, ಅಂಗಡಿ ತೆರೆಯದ ಕಾರಣ, ಮನೆಗೆ ಒಯ್ಯುತ್ತಿದ್ದಳು. ಸೈನಿಕನೊಬ್ಬ ಸಿಗರೇಟು ಕೇಳಿದ, ಇರಲಿಲ್ಲ, ಹೂ ಕೊಟ್ಟಳು. ಅವನು ಬಂದೂಕಿನ ನಳಿಗೆಗೆ ಸಿಕ್ಕಿಸಿದ. ಸಂಜೆಯ ಹೊತ್ತಿಗೆ ಸರಕಾರ ಬಿದ್ದಿತ್ತು. 1961ರಲ್ಲಿ ಗೋವೆ ಭಾರತಕ್ಕೆ ಸೇರಿದ್ದನ್ನು ಲಿಸ್ಬನ್ ಒಪ್ಪಿಕೊಂಡದ್ದೂ ಇದರ ನಂತರವೇ, ಆ ವರ್ಷದ ಕೊನೆಯಲ್ಲಿ. ರಕ್ತವೇ ಹರಿಯಲಿಲ್ಲ ಎನ್ನುತ್ತಾರೆ, ಹಾಗಲ್ಲ. ಸ್ವಲ್ಪ ದೂರದ ಬೀದಿಯಲ್ಲಿ ರಹಸ್ಯ ಪೊಲೀಸರು ತಮ್ಮ ಕಚೇರಿಯಿಂದ ಗುಂಡು ಹಾರಿಸಿ ನಾಲ್ವರನ್ನು ಕೊಂದರು. ಆ ಕಚೇರಿ ಈಗ ಸಿರಿವಂತರ ಅಪಾರ್ಟ್‌ಮೆಂಟು. ಹೆಸರು ಕೆತ್ತಿದ ಒಂದು ಫಲಕ ಗೋಡೆಯ ಮೇಲೆ ಉಳಿದಿದೆ. ಗಾರೆ ಬಳಿದ ಜಾಗ ಎಂದೆನಲ್ಲ, ಅವುಗಳಲ್ಲಿ ಇದೊಂದು.

ಬೆಲೆಮ್‌ನದು ಇನ್ನೂ ದೊಡ್ಡ ಗಾರೆ. ಜೆರೋನಿಮೋಸ್ ಮಠದ ಅಂಗಳದಲ್ಲಿ ಕಲ್ಲು ಹಗ್ಗವಾಗಿ, ಹವಳವಾಗಿ, ಎಲೆಯಾಗಿ ಅರಳುವುದನ್ನು ನೋಡಿ ಮಾತು ನಿಲ್ಲುತ್ತದೆ, ಅಷ್ಟು ಚೆಲುವು. ಆ ಚೆಲುವಿಗೆ ಹಣ ಬಂದದ್ದು ಆಫ್ರಿಕಾ ಮತ್ತು ಪೂರ್ವ ದೇಶಗಳ ವ್ಯಾಪಾರದ ಮೇಲಿನ ಶೇ. 5ರಷ್ಟು ತೆರಿಗೆಯಿಂದ. ಒಳಗೆ ವಾಸ್ಕೋ ಡ ಗಾಮನ ಸಮಾಧಿ, ನೊಣ ಕೂರದಷ್ಟು ಚೊಕ್ಕಟ. ನದಿಯ ಬದಿಗೆ ಪೋರ್ಚುಗೀಸರ ಕಡಲಯಾನಗಳ ನೆನಪಿಗೆ 1960ರ ಕಾಂಕ್ರೀಟಿನ ಸ್ಮಾರಕ, ಅದರ ಮುಂದೆ ನೆಲದ ಮೇಲೆ ಅಮೃತಶಿಲೆಯ ಭೂಪಟ. ಪ್ರವಾಸಿಗರು ತಂತಮ್ಮ ದೇಶದ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಯಾವ ವರ್ಷ ಎಲ್ಲಿಗೆ ಹೋದೆವೆಂದು ಬರೆದಿದೆ. ಹೋಗಿ ಏನು ಮಾಡಿದೆವೆಂದು ಇಲ್ಲ. ನಗರದ ನಡುಭಾಗದ ಕಡೆಗೆ ಮರಳಿದರೆ, ಕಾಫಿ ಅಂಗಡಿಗಳ ಸುಂದರ ಬೀದಿಯೊಂದಕ್ಕೆ ಕಪ್ಪು ಜನರ ಬಾವಿ ಎಂಬರ್ಥದ ಹೆಸರಿದೆ. ಸತ್ತ ಗುಲಾಮರ ಶವ ಎಸೆಯಲು 1515ರಲ್ಲಿ ರಾಜಾಜ್ಞೆಯಿಂದ ತೋಡಿಸಿದ ಬಾವಿಯ ನೆನಪು ಅದು. ಬೆಲೆಮ್ ನೋಡಿದವರು ಆ ಬೀದಿಯಲ್ಲೂ ಒಮ್ಮೆ ನಡೆಯಬೇಕು.

ನಮ್ಮ ದಂಡೆಯ ಸುಳಿವು ಬೇಕೆಂದರೆ ಅಲ್ಫಾಮಾದ ಕೆಳಗೆ, ನದಿಗೆ ಮುಖ ಮಾಡಿದ ಕಾಸಾ ದೋಸ್ ಬಿಕೋಸ್‌ಗೆ ಹೋಗಬೇಕು. ಗೋಡೆಯ ತುಂಬ ವಜ್ರದಂತೆ ಚೂಪು ಕೆತ್ತಿದ ಕಲ್ಲುಗಳ ಮನೆ. 1523ರ ಸುಮಾರಿಗೆ ಕಟ್ಟಿಸಿದವನು ಅಫೊನ್ಸೊ ಅಲ್ಬುಕರ್ಕ್‌ನ ಮಗ. ಆ ಅಪ್ಪ 1510ರಲ್ಲಿ ಗೋವೆ ಹಿಡಿದವನು. ಹಿಡಿ ಎಂದು ಹುರಿದುಂಬಿಸಿ, ಹಡಗು-ಜನ ಕೊಟ್ಟು ನಿಂತವನು ನಮ್ಮ ಹೊನ್ನಾವರದ ತಿಮ್ಮಯ್ಯ, ಅವರ ಬರಹಗಳ ತಿಮೋಜ. ನನ್ನ ಬಾಲ್ಯದ ಕತೆಗಳಲ್ಲಿ ಅವನು ಇರಲೇ ಇಲ್ಲ. ಆ ಚೂಪು ಕಲ್ಲುಗಳ ಮುಂದೆ ನಿಂತಾಗ, ಗಾರೆ ಬಳಿಯುವುದು ಲಿಸ್ಬನ್ನಿನವರ ಕೆಲಸ ಮಾತ್ರವಲ್ಲ, ನಾವೂ ಬಳಿದಿದ್ದೇವೆ ಅನ್ನಿಸಿತು. ಮೇಲಿನ ಅಂತಸ್ತುಗಳು 1755ರಲ್ಲಿ ಬಿದ್ದು, 1980ರ ದಶಕದಲ್ಲಿ ಮತ್ತೆ ಎದ್ದವು. ಈಗ ಅಲ್ಲಿರುವುದು ಜೊಸೆ ಸರಮಾಗೊ ಪ್ರತಿಷ್ಠಾನ. ಅಧಿಕಾರಕ್ಕೆ ಎಂದೂ ತಲೆಬಾಗದ ಆ ಲೇಖಕನ ಚಿತಾಭಸ್ಮ ಮನೆಯೆದುರಿನ ಆಲಿವ್ ಮರದ ಬುಡದಲ್ಲಿದೆ. ಮರ ಅವನು ಹುಟ್ಟಿದ ಹಳ್ಳಿಯಿಂದ ತಂದದ್ದು.

ಸಂಜೆಗಳನ್ನು ನಾನು ಮೌರಾರಿಯಾದಲ್ಲಿ ಕಳೆದೆ. 1147ರಲ್ಲಿ ಊರು ಕ್ರೈಸ್ತ ರಾಜನ ವಶವಾದ ಮೇಲೆ ಮುಸಲ್ಮಾನರಿಗೆ ಬಿಟ್ಟುಕೊಟ್ಟ ಕೇರಿ ಅದು, ಫಾದೊ ಹಾಡಿನ ತವರು. ಈಗ ಬೆನ್‌ಫೊರ್ಮೊಜೊ ಬೀದಿಯಲ್ಲಿ ಬಾಂಗ್ಲಾದೇಶದವರ ಅಂಗಡಿ ಸಾಲು. ಹಸಿಮೆಣಸು, ಕರಿಬೇವು, ಬೆಂಡೆಕಾಯಿ. ಊರಿನ ಯಾವ ಸಾಮಾನ್ಯ ಕೆಫೆಯಲ್ಲೂ ಸಮೋಸ ಸಿಗುತ್ತದೆ; ಗೋವೆ ಮತ್ತು ಮೊಜಾಂಬಿಕ್‌ನ ದಾರಿಯಲ್ಲಿ ಬಂದು ನೆಲೆಯಾಗಿದೆ. ಗೋವೆಯ ಮೂಲದ ಕುಟುಂಬದ ಆಂತೋನಿಯೊ ಕೋಸ್ತಾ ಇಲ್ಲಿ ಮೇಯರ್ ಆಗಿದ್ದಾಗ ತನ್ನ ಕಚೇರಿಯನ್ನೇ 2011ರಲ್ಲಿ, ಕೆಟ್ಟ ಹೆಸರು ಪಡೆದಿದ್ದ ಪಕ್ಕದ ಇಂತೆಂದೆಂತೆ ಚೌಕಕ್ಕೆ ತಂದ. ಮುಂದೆ ದೇಶದ ಪ್ರಧಾನಿಯೂ ಆದ. ಆದರೆ ಇದೇ ಏರುದಾರಿಗಳ ಮನೆಗಳು ಒಂದೊಂದಾಗಿ ಪ್ರವಾಸಿಗರ ಬಾಡಿಗೆ ಕೋಣೆಗಳಾಗುತ್ತಿವೆ. ಕಲ್ಸಾದಾದ ಮೇಲೆ ಸೂಟ್‌ಕೇಸಿನ ಗಾಲಿಗಳ ಗಡಗಡ ಬೆಳಗಿನಿಂದ ರಾತ್ರಿಯ ತನಕ. ಹುಟ್ಟಿದ ಓಣಿಯಲ್ಲೇ ಸಾಯುವ ಆಸೆಯಿದ್ದ ಮುದುಕರು ಬಾಡಿಗೆ ಕಟ್ಟಲಾರದೆ ನದಿಯಾಚೆಗೆ ಹೋಗುತ್ತಿದ್ದಾರೆ. ಪ್ರೀತಿಸಲು ಬಂದ ನಾವೇ ಊರನ್ನು ಖಾಲಿ ಮಾಡಿಸುತ್ತಿದ್ದೇವೆ ಎನ್ನುವುದು ನನ್ನನ್ನು ನಿಜಕ್ಕೂ ಬಾಧಿಸಿತು. ಹೋಗುವವರು ಹೋಟೆಲಿನಲ್ಲೇ ಉಳಿದುಕೊಳ್ಳಿ, ಓಣಿಯ ಮನೆಗಳನ್ನು ಮನೆಗಳಾಗಿ ಬಿಡಿ ಎಂದು ಕೇಳಿಕೊಳ್ಳುತ್ತೇನೆ.

ಮಾನುಯೆಲ್ ದ ಮಾಯಾ ಉಳಿಸಿದ ಕಾಗದಗಳನ್ನು ನೋಡದೆ ಹಿಂತಿರುಗಲು ಮನಸ್ಸಾಗಲಿಲ್ಲ. ತೋರ್ರೆ ದೊ ತೊಂಬೊ 1990ರಿಂದ ವಿಶ್ವವಿದ್ಯಾಲಯದ ಬಳಿ ಕೋಟೆಯಂಥ ಹೊಸ ಕಟ್ಟಡದಲ್ಲಿದೆ. ಭೂಕಂಪದ ಪ್ರಶ್ನೆಪಟ್ಟಿಗೆ ಹಳ್ಳಿ ಹಳ್ಳಿಯ ಪಾದ್ರಿಗಳು ಬರೆದ ಉತ್ತರಗಳು ಅಲ್ಲಿವೆ. ಹದಿನೆಂಟನೇ ಶತಮಾನದಲ್ಲಿ ಗೋವೆಯಿಂದ ತಂದ ಮಾನ್ಸೂನ್ ಪುಸ್ತಕಗಳೂ ಅಲ್ಲೇ: ಮಳೆಗಾಳಿಯ ಲೆಕ್ಕ ಹಿಡಿದು ಹೊರಡುತ್ತಿದ್ದ ಹಡಗುಗಳಲ್ಲಿ ರಾಜನಿಗೂ ವೈಸ್‌ರಾಯ್‌ಗೂ ನಡುವೆ ಓಡಾಡಿದ ಪತ್ರಗಳ ಕಟ್ಟುಗಳು. ವಿಜಯನಗರವನ್ನು ಕಂಡು ಬರೆದ ದೊಮಿಂಗೊ ಪಾಯಿಸ್, ನೂನಿಜ್ ಇವರ ಬರಹಗಳನ್ನು ಪ್ಯಾರಿಸಿನ ಹಸ್ತಪ್ರತಿಯಿಂದ ಎತ್ತಿ, 1897ರಲ್ಲಿ ಮೊದಲು ಅಚ್ಚು ಹಾಕಿಸಿದ ದಾವಿದ್ ಲೋಪೆಸ್ ಕೂಡ ಲಿಸ್ಬನ್ನಿನ ವಿದ್ವಾಂಸನೇ. ಮೂರು ವರ್ಷದ ನಂತರ ರಾಬರ್ಟ್ ಸೀವೆಲ್ ಅವನ್ನು ಇಂಗ್ಲಿಷಿಗೆ ತಂದ ಮೇಲೆ ನಮಗೆ ಹಂಪಿಯ ಮಹಾನವಮಿಯ ಬಣ್ಣನೆ ದೊರಕಿತು. ಈ ಊರು ನಮ್ಮಿಂದ ಒಯ್ದದ್ದು ಬಹಳ. ನಮ್ಮ ಬಗ್ಗೆ ನಾವೇ ಬರೆದಿಟ್ಟುಕೊಳ್ಳದ್ದನ್ನು ಬರೆದೂ ಇಟ್ಟುಕೊಂಡಿದೆ.

ಮಾನ್ಸೂನ್ ಪುಸ್ತಕದ ಒಂದು ಪುಟದಲ್ಲಿ, ಒಂದರೊಳಗೊಂದು ಹೆಣೆದುಕೊಂಡ ಅಕ್ಷರಗಳ ನಡುವೆ, ಬಹಳ ಹುಡುಕಿದ ಮೇಲೆ ಓನೋರ್ ಎಂದು ಓದಲು ಬಂತು. ನಮ್ಮ ಹೊನ್ನಾವರ. ಆ ವಾಕ್ಯದ ಉಳಿದ ಭಾಗ ನನಗೆ ತಿಳಿಯಲಿಲ್ಲ. ಈಗ ಪ್ರತಿ ರಾತ್ರಿ ಊಟವಾದ ಮೇಲೆ ಪೋರ್ಚುಗೀಸ್ ಕಲಿಯಲು ಕೂರುತ್ತೇನೆ; ಹಳೆಯ ಕೈಬರಹ ಓದುವುದನ್ನು ಕಲಿಸಬಲ್ಲವರೊಬ್ಬರು ಗೋವೆಯಲ್ಲಿ ಸಿಕ್ಕಿದ್ದಾರೆ. 1623ರಲ್ಲಿ ಮೆಣಸಿನ ವ್ಯವಹಾರಕ್ಕೂ ಬಂಗರ ಅರಸನ ತಕರಾರಿಗೂ ಗೋವೆಯಿಂದ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ ರಾಯಭಾರಿಯ ಜೊತೆಗಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಬರೆದದ್ದು ನಮಗೆಲ್ಲ ಗೊತ್ತು. ಆ ರಾಯಭಾರಿ ತನ್ನ ಒಡೆಯರಿಗೆ ಏನೆಂದು ಬರೆದ, ನಾಯಕನ ಉತ್ತರ ಲಿಸ್ಬನ್ನಿಗೆ ಯಾವ ಮಾತಿನಲ್ಲಿ ತಲುಪಿತು ಎಂದು ಮೊದಲು ಹುಡುಕಬೇಕು. ಆ ಕಟ್ಟುಗಳಲ್ಲಿ ಬಹಳಷ್ಟನ್ನು ದಫ್ತರದವರು ಅಂತರಜಾಲದಲ್ಲಿ ಹಾಕಿದ್ದಾರೆ. ಹೊನ್ನಾವರ, ಬಸರೂರು, ಮಂಗಳೂರಿನ ಕಡೆಯ ಓದುಗರು ಯಾರಾದರೂ ಜೊತೆಗೆ ಕುಳಿತು ಓದುವುದಾದರೆ ಬರೆಯಿರಿ, ಪುಟಗಳನ್ನು ಹಂಚಿಕೊಳ್ಳೋಣ.